ಕೂತು ಮಾಡುವ ನಮಸ್ಕಾರ

ಗುರುಬಸವ ಮೆಟ್ಟಿಲು ಇಳಿಯುವುದು ಹಿಮ್ಮುಖವಾಗಿ. ಏಣಿಯಿಂದ ಇಳಿಯುವವರ ಹಾಗೆ ಮೆಟ್ಟಿಲಿಗೆ ಮುಖ ಮಾಡಿ, ಕಬ್ಬಿಣದ ಕಂಬಿಯನ್ನು ಎರಡೂ ಕೈಯಲ್ಲಿ ಹಿಡಿದು, ಮೊದಲು ಬಲಗಾಲು ಕೆಳಗಿಟ್ಟು ಆಮೇಲೆ ಎಡಗಾಲನ್ನು ಅದರ ಪಕ್ಕಕ್ಕೆ ತಂದುಕೊಳ್ಳುತ್ತಾನೆ. ಆರಡಿ ಹನ್ನೊಂದು ಇಂಚಿನ ಆಳು ಹೀಗೆ ಇಳಿಯುವುದನ್ನು ಹೈದರಾಬಾದಿನ ಕುಷಾಯಿಗೂಡದ ಆ ಓಣಿಯ ಮಕ್ಕಳು ಮೊದಮೊದಲು ಆಟ ನಿಲ್ಲಿಸಿ ನೋಡುತ್ತಿದ್ದವು. ಈಗ ಅವಕ್ಕೂ ರೂಢಿಯಾಗಿದೆ. ರೂಢಿಯಾಗದವಳು ಅವನ ತಾಯಿ ಶಾರದಾಬಾಯಿ ಒಬ್ಬಳೇ. ರೊಟ್ಟಿ ಬಡಿಯುತ್ತಿದ್ದರೂ ಅವಳ ಕಿವಿ ಮೆಟ್ಟಿಲ ಮೇಲೆಯೇ ಇರುತ್ತಿತ್ತು. ಕಂಬಿ ಕಿರುಗುಟ್ಟುವುದು ನಿಂತು ಕೆಳಗಿನ ಗೇಟು ಸದ್ದಾಯಿತೆಂದರೆ ಮಗ ನೆಲ ಮುಟ್ಟಿದ ಎಂದರ್ಥ. ಆಮೇಲೆಯೇ ಮುಂದಿನ ರೊಟ್ಟಿ ಹಂಚಿಗೆ ಬೀಳುತ್ತಿತ್ತು.

ಅವನಿಗೆ ಇನ್ನೂ ಇಪ್ಪತ್ತೆಂಟು. ಬಾಸ್ಕೆಟ್‌ಬಾಲಿನಲ್ಲಿ ಸೆಂಟರ್ ಆಡುತ್ತಿದ್ದ. ಸೆಂಟರ್ ಎಂದರೆ ರಿಂಗಿನ ಕೆಳಗೆ ನಿಲ್ಲುವವನು. ಎದುರಾಳಿಗಳ ದಬ್ಬಾಟ, ಮೊಣಕೈ ತಿವಿತ, ಮೇಲೆ ಹಾರಿ ಕೆಳಗೆ ಬೀಳುವ ಭಾರ, ಎಲ್ಲ ಅವನ ಮೈಮೇಲೆ. ಆ ಆಟದಿಂದಲೇ ಒಂದು ಸರ್ಕಾರಿ ಇಲಾಖೆಯಲ್ಲಿ ನೌಕರಿ ಸಿಕ್ಕಿತು, ರಾಜ್ಯದ ತಂಡದಲ್ಲಿ ಜಾಗ ಸಿಕ್ಕಿತು. ಬಲ ಮೊಣಕಾಲಿಗೆ ಎರಡನೇ ಸಲ ಆಪರೇಶನ್ ಆದ ಮೇಲೆ ಡಾಕ್ಟರು ಇನ್ನು ಹಾರುವಂತಿಲ್ಲ ಎಂದರು. ಈಗ ಅದೇ ಇಲಾಖೆಯಲ್ಲಿ, ಅವನ ತೊಡೆ ಹಿಡಿಯದ ಒಂದು ಮೇಜಿನ ಹಿಂದೆ, ಕಾಲು ಅಡ್ಡಕ್ಕೆ ಚಾಚಿಕೊಂಡು ಕೂರುತ್ತಾನೆ.

ಶಾರದಾಬಾಯಿ ಈ ವಿಷಯದಲ್ಲಿ ಯಾರ ಮೇಲೂ ಹರಿಹಾಯ್ದವಳಲ್ಲ. ಎರಡು ವರ್ಷ ಎಣ್ಣೆ ತಿಕ್ಕಿದಳು, ಐಸು ಕಟ್ಟಿದಳು, ಸುಮ್ಮನಿದ್ದಳು. ಆದರೆ ಈಗ ಸುಮ್ಮನಿರಲು ಬರುವಂತಿರಲಿಲ್ಲ. ಮಗಳು ಕಾವ್ಯಾ, ಇಂಟರ್ ಅಂದರೆ ಪಿಯುಸಿ ಎರಡನೇ ವರ್ಷದವಳು, ಅಣ್ಣನ ಹಾದಿಯಲ್ಲೇ ಆರಡಿ ದಾಟಿದ್ದಳು. ಅವಳೂ ಸೆಂಟರ್. ಅವಳನ್ನು ತನ್ನ ತರಬೇತಿ ಶಿಬಿರಕ್ಕೆ ಕರೆದುಕೊಳ್ಳುತ್ತೇನೆಂದು ಗುರುಬಸವನ ಕೋಚ್ ವಾಸುದೇವ ಸರ್ ಹೇಳಿ ಕಳಿಸಿದ್ದರು. ಮಾತಾಡಲು ರವಿವಾರ ತಾವೇ ಮನೆಗೆ ಬರುವವರಿದ್ದರು.

"ಅವ್ವ, ಸರ್ ಬಂದಾಗ ನೀ ಹುಳಿ ಮಾರಿ ಮಾಡ್ಕೊಂಡು ಕುಂದ್ರಬ್ಯಾಡ ಮತ್ತ," ಎಂದಳು ಕಾವ್ಯಾ, ಒಲೆಯ ಪಕ್ಕದಿಂದ ಬಿಸಿ ರೊಟ್ಟಿಯ ತುಂಡು ಹರಿದುಕೊಳ್ಳುತ್ತ.

"ನನಗಿರೂದ ಇದೊಂದ ಮಾರಿ."

"ಸರ್ ಕರದ್ರ ಸ್ಟೇಟ್ ಟೀಮ್ ಆದಂಗ. ಅವರ ಬಿಟ್ಟ್ರ ಹುಡುಗ್ಯಾರಿಗೆ ಈ ಊರಾಗ ಬ್ಯಾರೆ ಯಾರದಾರ? ನಾ ಅಂತೂ ಹೋಗಾಕಿ."

"ಹೋಗಬ್ಯಾಡ ಅಂದೆನೇನು?"

"ಹೋಗು ಅಂತನೂ ಅಂದಿಲ್ಲ."

"ಹೂಂ. ಅಂದಿಲ್ಲ. ಹಿಟ್ಟಿನ ಕೈ ಐತಿ, ಆ ನೀರಿನ ಚೊಂಬು ಇತ್ಲಾಗ ಕೊಡು."

ಹೊರಗೆ ವರಾಂಡದಲ್ಲಿ ತೆಲುಗು ಪೇಪರು ಹಿಡಿದು ಕುಳಿತಿದ್ದ ಗಂಡ ಸಿದ್ದರಾಮಪ್ಪ ಅಲ್ಲಿಂದಲೇ ಮಾತು ತೂರಿಸಿದ. ಬದುಕೆಲ್ಲ ದೊಡ್ಡ ಕಾರ್ಖಾನೆಯ ಮಶೀನುಗಳ ಸದ್ದಿನಲ್ಲಿ ಕಳೆದವನು, ನಿವೃತ್ತನಾದರೂ ಗಂಟಲು ಇಳಿದಿರಲಿಲ್ಲ. "ಗುರುಗಳು ತಾವಾಗೇ ಬಾಗಿಲಿಗೆ ಬರಾಕತ್ತಾರ. ಬ್ಯಾಡ ಅನ್ನೂದು ನಮ್ಮ ಮನಿತನದಾಗ ಇಲ್ಲ, ಶಾರದಾ."

"ಮನಿತನದಾಗ ಆಡೂ ಮಕ್ಕಳು ಇಬ್ಬರ್ರಿ, ಒಬ್ಬಂದು ಮೊಣಕಾಲು ಹೋಗೇತಿ," ಎಂದಳು ಶಾರದಾಬಾಯಿ. ದನಿ ಏರಲಿಲ್ಲ. ರೊಟ್ಟಿ ಬಡಿಯುವ ಕೈಯ ತಾಳವೂ ತಪ್ಪಲಿಲ್ಲ. ಆದರೆ ಸಿದ್ದರಾಮಪ್ಪ ಪೇಪರು ಮುಖಕ್ಕೆ ಹಿಡಿದ.

ಅವಳಿಗೆ ಬೇಕಾದದ್ದು ಒಂದೇ ಉತ್ತರ. ಮಗನ ಆಟ ಇಷ್ಟು ಬೇಗ ಮುಗಿದದ್ದು ಅವನ ಮೈಯಿಂದಲೋ, ಕೋಚ್ ಮಾಡಿದ ನಿರ್ಧಾರಗಳಿಂದಲೋ? ಮೈಯಿಂದ ಅನ್ನುವುದಾದರೆ ಕಾವ್ಯಾಳ ಹಣೆಬರಹ ಕಾವ್ಯಾಳದು. ನಿರ್ಧಾರಗಳಿಂದ ಅನ್ನುವುದಾದರೆ ಅದೇ ಕೈಗೆ ಇನ್ನೊಂದು ಮಗುವನ್ನು ಕಣ್ಣು ಮುಚ್ಚಿ ಕೊಡುವ ತಾಯಿ ಅವಳಲ್ಲ. ಇದನ್ನು ತಿಳಿಯದೆ ರವಿವಾರ ಹೂಂ ಅನ್ನುವುದಿಲ್ಲ, ಊಹೂಂ ಅನ್ನುವುದಿಲ್ಲ ಎಂದು ಗಟ್ಟಿ ಮಾಡಿಕೊಂಡಳು.

ಕೇಳಿದರೆ ಎಲ್ಲರ ಬಳಿಯೂ ಉತ್ತರವಿತ್ತು. ಪಕ್ಕದ ಮನೆಯ ಸಾಬಮ್ಮ, "ಅಷ್ಟು ದೊಡ್ಡ ಶರೀರ ಯವ್ವಾ, ಎರಡು ಕಾಲು ಎಷ್ಟು ದಿನ ಹೊರತಾವ?" ಅಂದಳು. ಆಪರೇಶನ್ ಮಾಡಿದ, ಮಣಿಕೊಂಡದ ಕಡೆ ಇರುವ ಡಾಕ್ಟರನ್ನು ಹಿಂದೊಮ್ಮೆ ಇವಳೇ ಕೇಳಿದ್ದಳು. ಆತ ಪ್ರಾಮಾಣಿಕ ಮನುಷ್ಯ. ಇಂಥ ಮೈಯವರಿಗೆ ಮೊಣಕಾಲು ಸವೆಯುವುದು ನಿಜ, ಆದರೆ ಇವನದು ಯಾವಾಗ ಸವೆಯಬೇಕಿತ್ತು, ಯಾವಾಗ ಸವೆಯಿತು ಎಂದು ಯಾರು ಹೇಳಬಲ್ಲರು ಎಂದು ಹಿಂದಿಯಲ್ಲಿ ಹೇಳಿ ಕೈ ಚೆಲ್ಲಿದ್ದ.

ವಾಸುದೇವ ಸರ್ ಮೇಲೆ ಸಿಟ್ಟು ಮಾಡಿಕೊಳ್ಳುವುದೂ ಸುಲಭವಿರಲಿಲ್ಲ. ಒಂಬತ್ತನೇ ಇಯತ್ತೆಯಲ್ಲಿ ಗುರುಬಸವ ಶಾಲೆಯ ಬೆಂಚಿನಲ್ಲಿ ಹಿಡಿಯುತ್ತಿರಲಿಲ್ಲ. ಹುಡುಗರು ಜೆಸಿಬಿ ಎಂದು ಕರೆಯುತ್ತಿದ್ದರು. ಬಸ್ಸಿನಲ್ಲಿ ಕಂಡಕ್ಟರು ಇವನನ್ನು ನೋಡಿ ಎರಡು ಟಿಕೆಟ್ ಕೊಡಲೇನಪ್ಪಾ ಅನ್ನುತ್ತಿದ್ದ. ಮಗು ಕುಗ್ಗಿ ಕುಗ್ಗಿ, ಬೆನ್ನು ಗೂನು ಮಾಡಿಕೊಂಡು ನಡೆಯುವುದನ್ನು ಕಲಿತಿತ್ತು. ಒಂದು ದಿನ ಕಿರಾಣಿ ಅಂಗಡಿಯಲ್ಲಿ ಸ್ಟೂಲು ಹತ್ತದೆ ಅಟ್ಟದ ಮೇಲಿನ ಡಬ್ಬಿ ಇಳಿಸಿಕೊಡುತ್ತಿದ್ದವನನ್ನು ವಾಸುದೇವ ಸರ್ ಕಂಡರು. ಸರ್ ಅವರದು ಧಾರವಾಡದ ಕಡೆಯ ಮನೆತನ, ತಲೆಮಾರುಗಳಿಂದ ಹೈದರಾಬಾದಿನಲ್ಲಿ ಸರ್ಕಾರಿ ನೌಕರಿಯಲ್ಲಿದ್ದವರು. ಹುಡುಗ ಅಂಗಡಿಯವನ ಹತ್ತಿರ ಮುರುಕು ತೆಲುಗು ಮಾತಾಡುವುದು ಕೇಳಿ, "ಯಾವೂರಪ್ಪ ನಿಮ್ಮದು?" ಎಂದು ಕನ್ನಡದಲ್ಲಿ ಕೇಳಿದರಂತೆ. ಹುಮನಾಬಾದ ಎಂದನಂತೆ ಇವನು. "ಬೆನ್ನು ನೆಟ್ಟಗ ಮಾಡಿ ಹೇಳು, ಹುಮನಾಬಾದ ಏನು ಸಣ್ಣ ಊರಲ್ಲ," ಎಂದರಂತೆ. ಅವತ್ತಿನಿಂದ ಅವನ ಬೆನ್ನು ನೆಟ್ಟಗಾಯಿತು. ಶಾರದಾಬಾಯಿ ಅದನ್ನು ಮರೆತವಳಲ್ಲ.

ಆದರೆ ಮಿಕ್ಕದ್ದನ್ನೂ ಮರೆತಿರಲಿಲ್ಲ. ರಿಂಗಿನ ಕೆಳಗೆ ಇವನನ್ನು ಯಾರೂ ಅಲುಗಾಡಿಸಬಾರದು, ತೂಕ ಏರಿಸಿ ಎಂದವರು ಅದೇ ಸರ್. ತಂಡದಲ್ಲಿ ಇನ್ನೊಬ್ಬ ಸೆಂಟರನ್ನು ತಯಾರು ಮಾಡದೆ, ಪ್ರತಿ ಪಂದ್ಯದಲ್ಲೂ ಮೊದಲಿನಿಂದ ಕೊನೆಯವರೆಗೆ ಇವನನ್ನೇ ನಿಲ್ಲಿಸಿದವರು ಅವರು. ಮೊದಲ ಆಪರೇಶನ್ನಿನ ಗಾಯ ಮಾಗುವುದರೊಳಗೆ ಸಿಮೆಂಟಿನ ಅಂಗಳದಲ್ಲಿ ಮತ್ತೆ ಹಾರಿಸಿದವರೂ ಅವರೇ.

ಶನಿವಾರ ಸಂಜೆ ಗುರುಬಸವ ಆಫೀಸಿನಿಂದ ಬಂದು ಮಂಚದ ಮೇಲೆ ಕಾಲು ಚಾಚಿದ. ಅವನ ಪಾದಗಳಿಗೆಂದೇ ಮಂಚದ ತುದಿಗೆ ಒಂದು ಬೆಂಚು ಜೋಡಿಸಲಾಗಿತ್ತು. ಶಾರದಾಬಾಯಿ ಮೊಣಕಾಲಿಗೆ ಐಸು ಕಟ್ಟಿ, ಬೆಳ್ಳುಳ್ಳಿ ಸುಲಿಯುತ್ತ ಕೆಳಗೆ ಕುಳಿತಳು.

"ಗುರು, ಒಂದ ಮಾತು ಕೇಳ್ತೀನಿ. ಸಿಟ್ಟಿಗೇಳಬ್ಯಾಡ. ಸರ್ ಬ್ಯಾರೆ ಥರ ಆಡಿಸಿದ್ರ ನೀ ಇನ್ನೂ ಆಡತಿದ್ದೇನು?"

ಅವನು ಮೇಲೆ ತಿರುಗುವ ಫ್ಯಾನು ನೋಡಿದ. "ಸರ್ ದಿನಾ ಕೇಳತಿದ್ರವ್ವ. ನೋವೈತೇನು, ಆಡತೀಯೇನು ಅಂತ. ಕೇಳಲಾರದ ಒಂದ ದಿನಾನೂ ಆಡಿಸಿಲ್ಲ."

"ನೀ ಏನಂತಿದ್ದಿ?"

"ಏನಿಲ್ರಿ ಸರ್ ಅಂತಿದ್ದೆ."

"ನೋವು ಇದ್ದಾಗನೂ?"

"ಗುರುಗಳು ಕೇಳಿದಾಗ ಮತ್ತೇನಂತ ಹೇಳಾಕ್ ಬರತೈತಿ? ಅಪ್ಪ ನನಗ ಕಲಿಸಿದ್ದ ಅದು. ಗುರುಗಳ ಮುಂದ ಮೈದು ಕಷ್ಟ ಹೇಳಬಾರದು ಅಂತ. ಅದಕ್ಕ ಸರ್‌ಗೆ ಏನೂ ಅನ್ನಬ್ಯಾಡ. ಹೇಳಲಾರದವ ನಾ."

ಶಾರದಾಬಾಯಿಯ ಕೈಯಲ್ಲಿದ್ದ ಬೆಳ್ಳುಳ್ಳಿ ಎಸಳು ಅಲ್ಲೇ ನಿಂತಿತು. ಕೋಚ್ ಕೇಳಿದ್ದು ನಿಜ. ಮಗ ಇಲ್ಲ ಎಂದದ್ದೂ ನಿಜ. ಹಾಗಾದರೆ ಕೇಳಿದವನ ತಪ್ಪು ಎಲ್ಲಿ? ಅವಳಿಗೆ ಎಳೆ ಸಿಕ್ಕಲಿಲ್ಲ. ಆದರೆ ಒಳಗೆ ಎಲ್ಲೋ ಅದು ಸಮಾಧಾನವನ್ನೂ ಕೊಡಲಿಲ್ಲ. ಇಲ್ಲ ಎಂದು ಹೇಳಲು ಬಾರದ ಮಗುವನ್ನು ದಿನಾ ಕೇಳಿದರೇನು, ಬಿಟ್ಟರೇನು?

ರವಿವಾರ ಹತ್ತು ಗಂಟೆಗೆ ವಾಸುದೇವ ಸರ್ ಬಂದರು. ಅರವತ್ತರ ಹತ್ತಿರದ ತೆಳ್ಳನೆ ಮನುಷ್ಯ, ಕುತ್ತಿಗೆಯಲ್ಲಿ ಸೀಟಿ ಇಲ್ಲದಿದ್ದರೂ ಇದ್ದವರ ಹಾಗೆ ಎದೆ ಮುಟ್ಟಿಕೊಳ್ಳುವ ರೂಢಿ. ಚಪ್ಪಲಿ ಬಿಟ್ಟು ಒಳಗೆ ಕಾಲಿಡುತ್ತಿದ್ದಂತೆ ಕಾವ್ಯಾ ಓಡಿ ಬಂದಳು. ಆಟಗಾರರ ಪದ್ಧತಿ ಅದು, ಅಂಗಳಕ್ಕೆ ಇಳಿಯುವ ಮುಂಚೆ ದಿನಾ ಗುರುಗಳ ಕಾಲು ಮುಟ್ಟುವುದು. ಅವಳು ಕುಕ್ಕರುಗಾಲಲ್ಲಿ ಪೂರ್ತಿ ಕುಳಿತು, ಎರಡೂ ಕೈಯಿಂದ ಎರಡೂ ಪಾದ ಮುಟ್ಟಿ, ಹಣೆಗೊತ್ತಿಕೊಂಡು, ಚೆಂಡು ಪುಟಿದಂತೆ ಮೇಲೆದ್ದಳು.

ಅವಳ ಹಿಂದೆಯೇ ಗುರುಬಸವ ಬಂದ. ಬಾಗಿಲ ಚೌಕಟ್ಟನ್ನು ಎಡಗೈಯಲ್ಲಿ ಹಿಡಿದ. ಕಾಲುಗಳನ್ನು ಕಂಬದ ಹಾಗೆ ಅಗಲಿಸಿ ನೆಟ್ಟು, ಸೊಂಟದಿಂದ ಮೇಲಷ್ಟೇ ಬಗ್ಗಿ, ಬಲಗೈಯನ್ನು ಕೆಳಗೆ ಇಳಿಬಿಟ್ಟ. ಕೈ ಸರ್ ಮೊಣಕಾಲಿನ ಹತ್ತಿರ ಬಂದು ನಿಂತಿತು.

"ಏ ಸಾಕ್ ಬಿಡೋ," ಎಂದು ಸರ್ ನಕ್ಕು ಅವನ ಬೆನ್ನು ತಟ್ಟಿದರು. "ನಿನ್ನ ಎತ್ತರಕ್ಕ ನನ್ನ ಕಾಲು ಸಿಗೂದಿಲ್ಲ. ಎತ್ತರದವ್ರಿಗೆ ಮಾಫಿ."

ಸಿದ್ದರಾಮಪ್ಪನೂ ನಕ್ಕ. ಗುರುಬಸವನೂ ನಕ್ಕ. ಚಹಾದ ತಟ್ಟೆ ಹಿಡಿದು ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದ ಶಾರದಾಬಾಯಿ ನಗಲಿಲ್ಲ. ಅಣ್ಣ ತಂಗಿ ಒಬ್ಬರಾದ ಮೇಲೊಬ್ಬರು ಮಾಡಿದ ಆ ಎರಡು ನಮಸ್ಕಾರ ಅವಳ ಕಣ್ಣಲ್ಲಿ ಅಕ್ಕಪಕ್ಕ ನಿಂತಿದ್ದವು.

ಶಿಬಿರದ ಮಾತು ಶುರುವಾಯಿತು. ಸರ್ ಹೇಳುತ್ತ ಹೋದರು, ಕಾವ್ಯಾಳ ಕೈ ಚಲೋ ಇದೆ, ಕಾಲು ಚುರುಕಿದೆ, ಸ್ವಲ್ಪ ತೂಕ ಬಂದರೆ ರಿಂಗಿನ ಕೆಳಗೆ ಇವಳನ್ನು ಯಾರೂ ಅಲುಗಾಡಿಸುವುದಿಲ್ಲ. ಆ ಕೊನೆಯ ಮಾತು ಕಿವಿಗೆ ಬಿದ್ದಾಗ ಶಾರದಾಬಾಯಿ ತಟ್ಟೆ ಕೆಳಗಿಟ್ಟು ಎದುರಿಗೆ ಕುಳಿತಳು.

"ಸರ್, ನೀವು ಈಗ ಗುರುಗ ಒಂದು ಚ್ಯಾಷ್ಟಿ ಮಾಡಿದ್ರಲ್ರಿ, ಎತ್ತರದವ್ರಿಗೆ ಮಾಫಿ ಅಂತ. ಇದು ಯಾವಾಗಿಂದ ಅನ್ನಾಕತ್ತೀರಿ?"

ಸರ್‌ಗೆ ಪ್ರಶ್ನೆ ವಿಚಿತ್ರವೆನಿಸಿತು. "ಅದೇನ್ರಿ ಬಾಯಾರ, ಹಳೇ ಚ್ಯಾಷ್ಟಿ ಅದು. ಟೀಮಿನ ಹುಡುಗರೆಲ್ಲ ಹೇಳತಾರ."

"ಹುಡುಗ ಇದ್ದಾಗ ಅಂತಿದ್ರೇನು?"

"ಇಲ್ಲ. ಆಗ ಪೂರಾ ಕೂತು ಮಾಡತಿದ್ದ. ಎಮ್ಮಿ ಕರಾ ಮಣಕಾಲೂರಿದಂಗ ಕೂತು, ಎರಡೂ ಕೈಲೆ. ಕಾಲು ಜಜ್ಜೀ ಮಾರಾಯಾ ಅಂತಿದ್ದೆ." ನೆನೆದು ಅವರ ಮುಖ ಅರಳಿತು. "ಈ ಮಾಫಿ ಚ್ಯಾಷ್ಟಿ ಬಂದದ್ದು ವರಂಗಲ್ ಶಿಬಿರದಾಗ ಕಾಣಸತದ. ಹೌದಲ್ಲೋ ಗುರು? ಅವತ್ತು ನೀ ಬಗ್ಗಿದಿ, ಕೈ ಅರ್ಧಕ್ಕ ನಿಂತ್ವು, ಎಲ್ಲಾರೂ..."

ಅವರು ಅಲ್ಲಿಗೇ ನಿಲ್ಲಿಸಿದರು.

"ವರಂಗಲ್ ಶಿಬಿರ ಮೊದಲನೇ ಆಪರೇಶನ್ನಿಗಿಂತ ಮೊದಲೋ, ಆಮ್ಯಾಲೋ?" ಎಂದು ಕೇಳಿದಳು ಶಾರದಾಬಾಯಿ.

ಉತ್ತರ ಅಲ್ಲಿದ್ದ ಎಲ್ಲರಿಗೂ ಗೊತ್ತಿತ್ತು. ವರಂಗಲ್ಲಿನ ಶಿಬಿರವಾದ ಮೇಲೆ, ಮೊದಲ ಆಪರೇಶನ್ನಿಗೆ ಮುಂಚೆ, ಒಂದು ಇಡೀ ವರ್ಷ ಗುರುಬಸವ ಒಂದು ಪಂದ್ಯ ಬಿಡದೆ ಆಡಿದ್ದ. ತೂಕ ಇನ್ನೂ ಏರಿದ್ದೂ ಅದೇ ವರ್ಷ.

"ಅವ್ವ, ಬಿಡು," ಎಂದ ಗುರುಬಸವ. "ಸರ್ ಕೇಳತಿದ್ರು. ಹೇಳಲಾರದವ ನಾ ಅಂತ ಹೇಳೇನಲ್ಲ ನಿನಗ."

"ನೀ ಹೇಳೀದಿ, ಗುರು. ಬಾಯಿಲೆ ಹೇಳಲಿಲ್ಲ, ಅಷ್ಟ. ದಿನಾ ಅವರ ಕಾಲ ಮುಂದ ನಿಂತು ಕೂಡಾಕ ಬರವಲ್ದು ಅಂತ ತೋರಿಸೀದಿ. ನಿನ್ನ ನೋವೆಲ್ಲಾ ಎಲ್ಲಾರಿಗೂ ನಿನ್ನ ಎತ್ತರ ಅಂತ ಕಂಡೈತಿ."

ವಾಸುದೇವ ಸರ್ ಚಹಾದ ಕಪ್ಪು ಮುಟ್ಟಲಿಲ್ಲ. ಅದರ ಮೇಲೆ ಕೆನೆ ಕಟ್ಟಿತು. ಅವರು ಮೊದಲು ತಮ್ಮ ಪರವಾಗಿಯೇ ಮಾತಾಡಿದರು, ಅದು ಸುಳ್ಳೂ ಆಗಿರಲಿಲ್ಲ. "ನನ್ನ ಹಂತ್ಯಾಕ ಅಷ್ಟು ಎತ್ತರದವ ಇವನೊಬ್ಬನೇ ಇದ್ದ, ಬಾಯಾರ. ಇವನ್ನ ಹೊರಗ ಕೂಡಿಸಿದ್ರ ಟೀಮೇ ಇರತಿದ್ದಿಲ್ಲ. ತೂಕ ಏರಿದ್ರ ಪೆಟ್ಟು ಕಡಿಮಿ ಹತ್ತತಾವ ಅಂತ ನಾ ತಿಳದದ್ದು. ನಮ್ಮ ಕಾಲದಾಗ ನಮಗೂ ಹಂಗೇ ಕಲಿಸಿದ್ರು." ಗುರುಬಸವನ ಮೊಣಕಾಲಿನ ಕಡೆ ನೋಡಿ ಮತ್ತೆ ಹೇಳಿದರು. "ಮಣಕಾಲು ಎಂದಾದರೂ ಹೋಗತಿತ್ತೋ ಏನೋ. ಆದ್ರ ಆ ಒಂದು ವರ್ಷ... ಅದು ನನ್ನದು. ಅದಕ್ಕ ಮೈ ಕಾರಣ ಅನ್ನಾಕ ಇನ್ನ ಬರೂದಿಲ್ಲ."

ಆಮೇಲೆ ಅವರು ಮಾಡಿದ್ದನ್ನು ಆ ಮನೆಯಲ್ಲಿ ಯಾರೂ ನಿರೀಕ್ಷಿಸಿರಲಿಲ್ಲ. ಕುರ್ಚಿಯಿಂದ ಎದ್ದು, ಧೋತರದ ಚುಂಗು ಸರಿಮಾಡಿಕೊಂಡು, ಶಿಷ್ಯನ ಮುಂದೆ ನೆಲದ ಮೇಲೆ ಕುಳಿತುಬಿಟ್ಟರು.

"ಸರ್, ಏಳ್ರಿ. ಇದೇನ್ರಿ ಇದು," ಎಂದು ಗುರುಬಸವ ಗಾಬರಿಯಿಂದ ಕಾಲು ಹಿಂದೆಳೆದುಕೊಂಡ.

"ಸುಮ್ಮನಿರು. ಎಲ್ಲಿ ನೋವು?"

"ಏನಿಲ್ರಿ ಸರ್."

"ಕೇಳಿಲ್ಲ ನಾ. ತೋರಿಸು."

ಗುರುಬಸವ ಅಪ್ಪನನ್ನು ನೋಡಿದ. ಸಿದ್ದರಾಮಪ್ಪ ಗೋಡೆ ನೋಡುತ್ತ, "ತೋರಿಸೋ," ಎಂದ, ಅವನ ಗಂಟಲಿಗೆ ಒಪ್ಪದ ಸಣ್ಣ ದನಿಯಲ್ಲಿ. ಆಗ ಆ ದೊಡ್ಡ ಹುಡುಗ ಬಗ್ಗಿ, ಮೊಣಚಿಪ್ಪಿನ ಕೆಳಗೆ ಒಳಬದಿಯಲ್ಲಿ ಒಂದು ಜಾಗಕ್ಕೆ ಬೆರಳಿಟ್ಟ. "ಇಲ್ಲೇರಿ. ಮೆಟ್ಟಿಲ ಇಳಿಯೂಮುಂದ ಭಾಳ." ಸರ್ ಅಲ್ಲಿ ಹೆಬ್ಬೆರಳು ಊರಿ ನೋಡಿದರು, ತಲೆಯಾಡಿಸಿದರು, ಬಹಳ ಹೊತ್ತು ಏಳಲಿಲ್ಲ.

ಶಾರದಾಬಾಯಿ ಸೆರಗಿನಿಂದ ಕಣ್ಣೊರೆಸಿಕೊಂಡಳು. ಆದರೆ ಅವಳ ಕೆಲಸ ಇನ್ನೂ ಮುಗಿದಿರಲಿಲ್ಲ.

"ಸರ್, ಆದದ್ದಕ್ಕ ನಿಮ್ಮನ್ನ ಕಟಕಟಿಗೆ ನಿಲ್ಲಿಸಾಕ ನಾ ಕುಂತಿಲ್ರಿ. ನನ್ನ ಮಗನ ಬೆನ್ನು ನೆಟ್ಟಗ ಮಾಡಿದವರು ನೀವು. ಈಗ ಕಾವ್ಯಾಂದು ಮಾತಾಡೂಣು. ಅಕಿ ತೂಕ ಅಕಿ ಹಸಿವಿಗೆ ಬಿಡ್ರಿ. ಅಕಿ ಜಾಗಾದಾಗ ಆಡಾಕ ಇನ್ನೊಬ್ಬ ಹುಡುಗಿನ್ನ ತಯಾರ ಮಾಡ್ರಿ. ಮೂರನೇದು, ನೋವೈತೇನು ಅಂತ ಅಕಿನ್ನ ಕೇಳಬ್ಯಾಡ್ರಿ."

"ಕೇಳಬ್ಯಾಡ ಅಂದ್ರ?"

"ಇಲ್ಲ ಅಂತಾಳ. ಇವರಪ್ಪನ ಮಕ್ಕಳವು. ದಿನಾ ಆಟಕ್ಕ ಮೊದಲು ಕಾಲು ಮುಟ್ಟತಾರಲ್ರಿ, ಪೂರಾ ಕುಂತು ಮುಟ್ಟಲಿ. ನೀವು ನೋಡ್ರಿ. ಕುಂದ್ರಾಕ ಬರಲಾರದ ದಿನ ಅಕಿ ಆಡೂದಿಲ್ಲ. ಎತ್ತರದವ್ರಿಗೆ ಮಾಫಿ ಇಲ್ಲ."

"ಅವ್ವ," ಎಂದಳು ಕಾವ್ಯಾ, ನಾಚಿಕೆಯಿಂದ ಸಾಯುವವಳಂತೆ.

ಸರ್ ಗಡ್ಡ ಕೆರೆದುಕೊಂಡರು. "ಫೈನಲ್ ದಿನ ಹಂಗಾದ್ರ? ಆರಿಸೂ ಮಂದಿ ಬಂದು ಕೂತಾಗ?"

"ಅವತ್ತೂ ಅಷ್ಟರಿ. ಅವತ್ತಿಗಂತನ ಈಗ ಕೇಳಾಕತ್ತೀನಿ."

ಸರ್ ತಣ್ಣಗಾದ ಚಹಾದ ಕೆನೆಯನ್ನು ಬೆರಳಿಂದ ಸರಿಸಿ ಒಂದೇ ಗುಟುಕಿಗೆ ಕುಡಿದು, "ಆತ್ರಿ," ಎಂದರು.

ಕಾವ್ಯಾ ಶಿಬಿರಕ್ಕೆ ಹೋದಳು. ಮೊದಮೊದಲು ಶಾರದಾಬಾಯಿ ಬೆಳಿಗ್ಗೆ ಬೇಳೆ ಕುದಿಯಲಿಟ್ಟು, ಗಂಡನಿಗೆ ಕುಕ್ಕರಿನ ಸೀಟಿ ಒಪ್ಪಿಸಿ, ಆಟೊದಲ್ಲಿ ಹೋಗಿ ಬೇಲಿಯಾಚೆ ನಿಂತು ನೋಡಿ ಬರುತ್ತಿದ್ದಳು. ಹುಡುಗಿಯರು ಸಾಲಾಗಿ ಬಂದು ಪೂರ್ತಿ ಕುಳಿತು ಕಾಲು ಮುಟ್ಟುತ್ತಿದ್ದರು. ಸರ್ ಆಶೀರ್ವಾದಕ್ಕೆ ಕೈ ಎತ್ತಿದರೂ ಕಣ್ಣು ಮಾತ್ರ ಮೊಣಕಾಲಿನ ಮೇಲೆ. ಭಕ್ತಿ ಎಂಬ ಗಟ್ಟಿಮುಟ್ಟಾದ ಹುಡುಗಿಯನ್ನು ಎರಡನೇ ಸೆಂಟರ್ ಎಂದು ಆರಿಸಿದರು. ಅವಳಿಗೆ ಕಲಿಸುವ ಕೆಲಸ ಗುರುಬಸವನ ಪಾಲಿಗೆ ಬಂತು. ರಜೆಯ ದಿನ ಅವನು ರಿಂಗಿನ ಕೆಳಗೆ ಒಂದು ಸ್ಟೂಲು ಹಾಕಿಕೊಂಡು ಕೂರುತ್ತಿದ್ದ. ಕೂತರೂ ಅವನ ಕೈ ಭಕ್ತಿಯ ತಲೆಗಿಂತ ಮೇಲೇ ಇರುತ್ತಿತ್ತು. "ನನ್ನ ಕೈ ದಾಟಿಸಿ ಹಾಕು ನೋಡೂಣು," ಎಂದು ಕೆಣಕುತ್ತಿದ್ದ. ದಿನ ಕಳೆದಂತೆ ಅವಳು ದಾಟಿಸತೊಡಗಿದಳು.

ಚಳಿಗಾಲದಲ್ಲಿ ಸನತ್‌ನಗರದ ಕಾರ್ಖಾನೆ ಕಾಲೊನಿಯ ಅಂಗಳದಲ್ಲಿ ಪಂದ್ಯಾವಳಿ ನಡೆಯಿತು. ಜೂನಿಯರ್ ರಾಷ್ಟ್ರೀಯ ಶಿಬಿರಕ್ಕೆ ಆರಿಸುವವರು ಫೈನಲ್ಲಿಗೆ ಬರುವರೆಂದು ಸುದ್ದಿಯಿತ್ತು. ಸೆಮಿಫೈನಲ್ಲಿನ ಕೊನೆಯಲ್ಲಿ ಕಾವ್ಯಾ ಹಾರಿ ಇಳಿಯುವಾಗ ಇನ್ನೊಬ್ಬಳ ಪಾದದ ಮೇಲೆ ಇಳಿದಳು. ಎದ್ದಳು, ನಕ್ಕಳು, ಆಡಿ ಮುಗಿಸಿದಳು. ಮರುದಿನ ಬೆಳಿಗ್ಗೆ ಮನೆಯ ಮೆಟ್ಟಿಲನ್ನು ದಡದಡ ಇಳಿದಳು. ರೊಟ್ಟಿ ಬಡಿಯುತ್ತಿದ್ದ ಶಾರದಾಬಾಯಿಗೆ ಆ ಸದ್ದು ಸ್ವಲ್ಪ ಹೆಚ್ಚೇ ಜೋರು ಅನಿಸಿತು. ಯಾರಿಗೋ ಕೇಳಲೆಂದೇ ಇಳಿದ ಹಾಗೆ.

ಮಧ್ಯಾಹ್ನ ಇಡೀ ಮನೆ ಅಂಗಳದ ಪಕ್ಕದ ಕಟ್ಟೆಯ ಮೇಲೆ ಕುಳಿತಿತ್ತು. ಶಾಮಿಯಾನದ ಕೆಳಗೆ ಆರಿಸುವವರು ಟೊಪ್ಪಿ ಹಾಕಿಕೊಂಡು ಕುಳಿತಿದ್ದರು. ಹುಡುಗಿಯರು ಸಾಲು ನಿಂತರು. ಒಬ್ಬೊಬ್ಬರೇ ಕುಳಿತು, ಮುಟ್ಟಿ, ಎದ್ದರು. ಕಾವ್ಯಾ ಸಾಲಿನ ಕೊನೆಯಲ್ಲಿದ್ದಳು. ಬೇಗ ಬಂದಳು, ಸೊಂಟದಿಂದ ಬಗ್ಗಿ, ಕೈ ಇಳಿಸಿ, ತಟ್ಟನೆ ಎದ್ದು ಅಂಗಳದ ಕಡೆ ತಿರುಗಿದಳು.

"ಕೂಡು," ಎಂದರು ವಾಸುದೇವ ಸರ್.

"ಸರ್, ಸೀಟಿ ಊದಾಕತ್ತಾರ."

"ಊದಲಿ. ಕೂಡು."

ಅವಳು ಕೂರಲು ಹೋದಳು. ಎಡಗಾಲು ಮಡಚಿತು. ಬಲಗಾಲು ಅರ್ಧಕ್ಕೆ ಬಂದು ನಿಂತಿತು. ಇನ್ನೂ ಒತ್ತಿದಳು, ಮುಖ ಕೆಂಪಾಯಿತು, ಕೈ ನೆಲಕ್ಕೆ ಊರಿತು. ಅಲ್ಲಿಂದಲೇ ತಲೆ ಎತ್ತಿ ಕಟ್ಟೆಯ ಕಡೆ, ತಾಯಿಯ ಕಡೆ ನೋಡಿದಳು.

ಆ ನೋಟವನ್ನು ತಡೆದುಕೊಳ್ಳುವುದು ಸುಲಭವಿರಲಿಲ್ಲ. ಶಾರದಾಬಾಯಿಯ ಎದೆಯಲ್ಲಿ, ಇವತ್ತೊಂದು ದಿನ, ಒಂದೇ ಒಂದು ಆಟ, ಆಡಲಿ ಪಾಪ ಎಂಬ ಮಾತು ಎದ್ದು ಗಂಟಲವರೆಗೆ ಬಂತು. ಸರ್ ಇತ್ತ ತಿರುಗಿದರೆ ತಾನು ಏನು ಸನ್ನೆ ಮಾಡುವೆನೋ ಅವಳಿಗೇ ಗೊತ್ತಿರಲಿಲ್ಲ. ಪಕ್ಕದಲ್ಲಿದ್ದ ಗುರುಬಸವ ಅವಳ ಕೈಯನ್ನು ತನ್ನ ದೊಡ್ಡ ಅಂಗೈಯಲ್ಲಿ ಮುಚ್ಚಿ ಹಿಡಿದ.

ಸರ್ ಇತ್ತ ತಿರುಗಲೇ ಇಲ್ಲ. "ಭಕ್ತಿ, ಒಳಗ ಹೋಗು," ಎಂದರು.

ಭಕ್ತಿ ಜೀವ ಬಿಟ್ಟು ಆಡಿದಳು. ಗುರುಬಸವನ ಕೈ ದಾಟಿಸಲು ಕಲಿತ ಎಸೆತ ಮತ್ತೆ ಮತ್ತೆ ರಿಂಗಿಗೆ ಬಿತ್ತು. ಆದರೂ ತಂಡ ಸ್ವಲ್ಪದರಲ್ಲಿ ಸೋತಿತು. ಬಾಸ್ಕೆಟ್‌ಬಾಲ್ ಸಂಘದ ಕಾರ್ಯದರ್ಶಿ ಬಂದು ಎಲ್ಲರೆದುರು ತೆಲುಗಿನಲ್ಲಿ ಸರ್‌ಗೆ ಛೀಮಾರಿ ಹಾಕಿದ. ಆರಡಿಯ ಹುಡುಗಿಯನ್ನು ಬೆಂಚಿನ ಮೇಲೆ ಕೂರಿಸಿ ಮ್ಯಾಚು ಕಳೆದೆಯಲ್ಲ, ವಯಸ್ಸಾಯಿತೇನು ಎಂದ. ಸರ್, ನಿರ್ಧಾರ ನನ್ನದು ಎಂದಷ್ಟೇ ಹೇಳಿದರು. ಆರಿಸುವವರು ತಮ್ಮ ಕಾರು ಹತ್ತಿ ಹೋದರು.

ಬೆಂಚಿನ ಮೇಲೆ ಕಾವ್ಯಾ ಟವೆಲ್ಲಿನಲ್ಲಿ ಮುಖ ಹುದುಗಿಸಿದ್ದಳು. ಗುರುಬಸವ ಪಕ್ಕಕ್ಕೆ ಹೋಗಿ ಕುಳಿತು ಅವಳ ಕಾಲನ್ನು ತನ್ನ ತೊಡೆಯ ಮೇಲೆ ಎತ್ತಿಟ್ಟುಕೊಂಡು ಐಸು ಒತ್ತಿದ.

"ಅಣ್ಣ, ನೀ ಆದ್ರ ಆಡತಿದ್ದಿ," ಎಂದಳು ಅವಳು ಟವೆಲ್ಲಿನೊಳಗಿಂದ.

"ಹೌದು. ಆಡೇನಿ," ಎಂದ ಗುರುಬಸವ. "ನಾಳೆ ನಾ ಮೆಟ್ಟಿಲ ಇಳಿಯೂಮುಂದ ನಿಂತು ನೋಡು, ಎಷ್ಟು ಚಂದ ಆಡೇನಿ ಅಂತ."

ಅವಳು ಅಳುತ್ತಲೇ ಅವನ ಭುಜಕ್ಕೆ ಒಂದು ಗುದ್ದಿದಳು. ಹೊರಡುವಾಗ ಪದ್ಧತಿಯಂತೆ ಸರ್ ಮುಂದೆ ಹೋಗಿ ನಿಂತಳು, ಆದರೆ ಬಗ್ಗಲಿಲ್ಲ, ಮುಖ ಬಿಗಿದುಕೊಂಡಿದ್ದಳು. "ಇವತ್ತು ಬ್ಯಾಡ," ಎಂದರು ಸರ್. "ಕೂಡಾಕ ಬಂದ ದಿನ ಮಾಡು. ನಾ ಎಲ್ಲಿ ಹೋಗೂದಿಲ್ಲ."

ಡಾಕ್ಟರು ಮೊಣಕಾಲಿನ ಒಳಗೆ ಸಣ್ಣ ಎಳೆತ, ಆಡಿದ್ದರೆ ಹರಿಯುತ್ತಿತ್ತೋ ಏನೋ, ವಿಶ್ರಾಂತಿ ಕೊಟ್ಟರೆ ಮಾಗುತ್ತದೆ ಎಂದರು. ಆ 'ಏನೋ' ಎಂಬ ಮಾತು ಶಾರದಾಬಾಯಿಯನ್ನು ಈ ಸಲ ಕಾಡಲಿಲ್ಲ. ಮಗಳು ತಿಂಗಳುಗಟ್ಟಲೆ ತಾಯಿಯೊಡನೆ ಅಷ್ಟಕ್ಕಷ್ಟೇ ಮಾತಾಡಿದಳು. ಶಾರದಾಬಾಯಿ ಅದನ್ನೂ ಸಹಿಸಿದಳು, ಐಸು ಕಟ್ಟಿದಳು, ಹೊತ್ತಿಗೆ ಸರಿಯಾಗಿ ಊಟ ಬಡಿಸಿದಳು.

ಯುಗಾದಿಯ ಮುಂದಿನ ಒಂದು ಬೆಳಿಗ್ಗೆ ಅವಳು ಮತ್ತೆ ಬೇಲಿಯಾಚೆ ನಿಂತಿದ್ದಳು, ಕೈಯಲ್ಲಿ ಮಕ್ಕಳಿಬ್ಬರ ಡಬ್ಬಿ. ಸಾಲು ಮುಂದೆ ಸರಿಯಿತು. ಕಾವ್ಯಾ ಸರ್ ಮುಂದೆ ಬಂದು, ಎರಡೂ ಮೊಣಕಾಲು ಮಡಚಿ, ಕುಕ್ಕರುಗಾಲಲ್ಲಿ ಪೂರ್ತಿ ಕುಳಿತು ಪಾದ ಮುಟ್ಟಿದಳು.

"ಅಲ್ಲೇ ಇರು," ಎಂದು ಸರ್ ಬಗ್ಗಿ ನೋಡಿದರು. "ಏಳು. ಇನ್ನೊಮ್ಮೆ."

ಅವಳು ಎದ್ದು ಮತ್ತೆ ಕುಳಿತಳು.

"ಇನ್ನೊಮ್ಮೆ. ಸಾವಕಾಶ."

"ಸರ್, ಇದು ನಮಸ್ಕಾರನೋ ಉಠ್‌ಬೈಸೋ?" ಎಂದಳು ಕಾವ್ಯಾ ಕೆಳಗಿನಿಂದಲೇ. ಸಾಲಿನಲ್ಲಿದ್ದವರು ನಕ್ಕರು. ಸ್ಟೂಲಿನ ಮೇಲಿದ್ದ ಗುರುಬಸವನ ನಗು ಎಲ್ಲರಿಗಿಂತ ಎತ್ತರದಲ್ಲಿ ಕೇಳಿಸಿತು. ಕುಳಿತಿದ್ದವಳು ಅವಸರ ಮಾಡದೆ ಬೂಟಿನ ದಾರ ಬಿಚ್ಚಿ ಮತ್ತೆ ಬಿಗಿದು ಕಟ್ಟಿಕೊಂಡು, ಬೇಲಿಯ ಕಡೆ ತಿರುಗಿ ನೋಡಿ, ಎದ್ದು ಅಂಗಳಕ್ಕೆ ಓಡಿದಳು.

ಗಂಡನಿಗೆ ಹೇಳದೆ ಒಲೆಯ ಮೇಲೆ ಬೇಳೆ ಇಟ್ಟು ಬಂದದ್ದು ಶಾರದಾಬಾಯಿಗೆ ಆಗ ನೆನಪಾಯಿತು. ಡಬ್ಬಿಯನ್ನು ಗುರುಬಸವನ ಕೈಗೆ ಕೊಟ್ಟು ಆಟೊ ನಿಲ್ಲುವ ಕಡೆ ಬಿರಬಿರನೆ ನಡೆದಳು.